ಮಾವನ ಪಥ್ಯ

ಮಹಾಲಯ ಅಮಾವಾಸ್ಯೆಗೆ ತೀರಿಹೋದ ಮಾವನಿಗೆ ಎಡೆ ಬಡಿಸಿದವಳು ಆಸ್ಪತ್ರೆಯಲ್ಲಿ ರೋಗಿಗಳಿಗೆ ಪಥ್ಯ ಬರೆದುಕೊಡುವ ಸೊಸೆ. ಎಲೆಯಲ್ಲಿ ರಾಗಿಮುದ್ದೆ, ನುಗ್ಗೆಸೊಪ್ಪು, ಮೊಳಕೆ ಹೆಸರುಕಾಳು.

“ಹೋಳಿಗೆ ಎಲ್ಲೇ?” ಅತ್ತೆ ಕೇಳಿದರು.

“ಮಾವನಿಗೆ ಶುಗರ್ ಅಲ್ವಾ ಅತ್ತೆ. ರಕ್ತಕ್ಕೆ ಸೊಪ್ಪಿನ ಕಬ್ಬಿಣ, ಮೂಳೆಗೆ ರಾಗಿಯ ಕ್ಯಾಲ್ಸಿಯಂ.”

“ಮೂಳೆ ಹೊಳೆಗೆ ಬಿಟ್ಟು ಆರು ವರ್ಷ ಆಯ್ತಲ್ಲೇ. ಬದುಕಿದ್ದಾಗ ನಾನೂ ಸಿಹಿ ಮುಟ್ಟಿಸ್ಲಿಲ್ಲ. ಆದ್ರೂ ಶುಗರ್ ಒಂದಿನಾನೂ ಇಳೀಲಿಲ್ಲ.”

ಎಲೆಯನ್ನು ತಾರಸಿಯ ಮೇಲಿಟ್ಟು ಇಬ್ಬರೂ ಕೈಮುಗಿದು ನಿಂತರು. ಕಾಗೆ ಬಂತು. ಸೊಪ್ಪನ್ನು ಕೊಕ್ಕಿನಿಂದ ಪಕ್ಕಕ್ಕೆ ಸರಿಸಿ, ಆಚೆಮನೆ ಪುಟ್ಟತಾಯಮ್ಮನ ತಾರಸಿಗೆ ಹಾರಿತು. ಆಕೆ ಮುರಿದುಕೊಟ್ಟ ಹೋಳಿಗೆಯನ್ನು ರೂಢಿಯಿದ್ದವರ ಹಾಗೆ ಕೂತು ತಿಂದಿತು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

“ಯಾಕೆ ಇಳೀಲಿಲ್ಲ ಅಂತ ಈಗ ಗೊತ್ತಾಯ್ತು.”