ಅಟ್ಟದಿಂದ ಇಳಿದ ಗಿಂಡಿ

“ಸ್ವಲ್ಪ ಎತ್ತರ ಹಿಡಿಯಿರಿ, ನೀರು ಬೀಳುವುದು ಕಾಣಬೇಕು. ನುಂಗಬೇಡಿ ಈಗಲೇ,” ಎಂದು ವಿನೋದಾ ಕ್ಯಾಮೆರಾ ಕಣ್ಣಿಗೆ ಹಿಡಿದಳು. ರಮಾನಾಥ ತಲೆ ಹಿಂದಕ್ಕೆ ವಾಲಿಸಿ, ಕಂಚಿನ ಗಿಂಡಿಯ ಮೂತಿಯಿಂದ ಬಾಯ್ತುಂಬ ನೀರು ಬಿಟ್ಟುಕೊಂಡ. ವೇಣೂರು, ಬೆಳ್ತಂಗಡಿಯ ಗುಜರಿ ಅಂಗಡಿಗಳಲ್ಲಿ ಹಳೆಯ ಪಾತ್ರೆ ಹುಡುಕಿ, ಮೂಡುಬಿದಿರೆಯ ಸೈಬರ್ ಕೆಫೆಯಲ್ಲಿ ಕೂತು ಇಂಟರ್‌ನೆಟ್‌ನಲ್ಲಿ ಮಾರುವುದು ಅವನ ಎರಡು ವರ್ಷದ ಕಸುಬು. ಈ ಗಿಂಡಿ ಮಾತ್ರ ಮನೆಯ ಅಟ್ಟದಲ್ಲೇ ಸಿಕ್ಕಿತ್ತು. ಇದರಲ್ಲಿ ನೀರು ಕುಡಿಯುವುದು ಹೇಗೆಂದು ತೋರಿಸುವ ಫೋಟೊ ಬೇಕೆಂದು ಜರ್ಮನಿಯ ಗಿರಾಕಿ ಬರೆದಿದ್ದ.

ದನದ ಹಟ್ಟಿಯಿಂದ ಬಂದ ತಾಯಿ ಕಲ್ಯಾಣಿ ಜಗಲಿಯ ಮೆಟ್ಟಿಲಲ್ಲೇ ನಿಂತುಬಿಟ್ಟರು. ಕೈಯಲ್ಲಿದ್ದ ಚೆಂಬು ಓರೆಯಾಗಿ ಹಾಲು ಚೆಲ್ಲುತ್ತಿದ್ದುದು ಅವರಿಗೆ ತಿಳಿಯಲಿಲ್ಲ.

“ಅದನ್ನು ಯಾರು ಇಳಿಸಿದ್ದು?”

ಬಾಯ್ತುಂಬ ನೀರಿದ್ದ ರಮಾನಾಥನ ಬದಲು ವಿನೋದಾಳೇ ಹೇಳಿದಳು. “ಮಾರಲಿಕ್ಕೆ, ಅತ್ತೆ. ಅಟ್ಟದಲ್ಲಿ ಸುಮ್ಮನೆ ಉಂಟಲ್ಲ ಅಂತ.”

“ಸುಮ್ಮನೆ ಇಟ್ಟದ್ದಲ್ಲ.” ಕಲ್ಯಾಣಿಯವರ ಸ್ವರ ಏರಲಿಲ್ಲ. “ಈ ಮನೆಯಲ್ಲಿ ಪ್ರಾಣ ಹೋಗುವವರ ಬಾಯಿಗೆ ಕೊನೆಯ ನೀರು ಬಿಡಲಿಕ್ಕೆ ಮಾತ್ರ ಅದನ್ನು ಇಳಿಸುವುದು. ನಿನ್ನ ಮಾವನಿಗೆ ನಾನೇ ಬಿಟ್ಟದ್ದು. ಅದರಲ್ಲಿ ಕುಡಿದವರು ಯಾರೂ ಮರುದಿನ ಬೆಳಿಗ್ಗೆ ಎದ್ದದ್ದಿಲ್ಲ.”

ರಮಾನಾಥ ಉಗುಳಲೆಂದು ಅಂಗಳದ ಕಡೆ ಬಗ್ಗಿದ. ಅಷ್ಟರಲ್ಲಿ ಕ್ಯಾಮೆರಾ ಇಳಿಸಲು ಹೋದ ವಿನೋದಾಳ ಬೆರಳು ಗುಂಡಿಯನ್ನು ಒತ್ತಿಬಿಟ್ಟಿತು. ಫ್ಲ್ಯಾಷ್ ಕಣ್ಣಿಗೆ ಹೊಡೆಯಿತು. ಬೆಚ್ಚಿಬಿದ್ದವನ ಗಂಟಲಲ್ಲಿ ನೀರು ತಣ್ಣಗೆ ಇಳಿದುಹೋಯಿತು.