ನೆಟ್ಟಗಿದ್ದರೆ ನೆರಳಿಲ್ಲ

"ಬೆಳಕು ನೆಟ್ಟಗೆ ಬರುತ್ತೆ ಕಣ್ರೋ. ಈಗ ಸೂರ್ಯ ನೆತ್ತಿ ಮೇಲೇ ಇದಾನೆ. ನೆಟ್ಟಗೆ ನಿಂತಿರೋದಕ್ಕೆ ನೆರಳೇ ಇರಲ್ಲ!" ಓನರ್ ಚಿದಾನಂದ್ ಮನೆಯ ಮಕ್ಕಳನ್ನೆಲ್ಲ ಸುತ್ತ ಸೇರಿಸಿಕೊಂಡು ತಾರಸಿಯ ನಡುವೆ ಪೈಪಿನ ತುಂಡೊಂದನ್ನು ನಿಲ್ಲಿಸಿದರು. ಶೂನ್ಯ ನೆರಳಿನ ದಿನದ ಈ ಜ್ಞಾನ ಬೆಳಗ್ಗೆಯಷ್ಟೇ ವಾಟ್ಸಾಪ್‌ನಲ್ಲಿ ಬಂದಿತ್ತು. ಆಗಲೇ ಅವರು ಕುಮಾರಸ್ವಾಮಿ ಲೇಔಟಿನ ಅಷ್ಟೂ ಬಿಸಿಲು ತಮ್ಮ ಸೈಟಿನಲ್ಲೇ ಹುಟ್ಟಿದ್ದು ಎಂಬಂತೆ ಮಾತಾಡುತ್ತಿದ್ದರು.

ಬಾಡಿಗೆಗಿದ್ದ ಬಾಗಲಕೋಟೆಯ ಅನ್ನಪೂರ್ಣ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಮೆಟ್ಟಿಲಲ್ಲೇ ನಿಂತಳು. ಬಟ್ಟೆಯ ನೆರಳು ಸೋಲಾರ್ ಮೇಲೆ ಬೀಳುತ್ತದೆಂದು ಓನರ್ ನಿನ್ನೆ ಅವಳ ಹಗ್ಗ ಕತ್ತರಿಸಿದ್ದರು. ಸೋಲಾರ್ ಇದ್ದದ್ದು ಹಗ್ಗಕ್ಕಿಂತ ಎತ್ತರದಲ್ಲಿ, ನೀರಿನ ಟ್ಯಾಂಕಿನ ನೆತ್ತಿಯ ಮೇಲೆ. ನೆರಳು ಮೇಲಕ್ಕೆ ಹತ್ತುವುದನ್ನು ಕಂಡವರು ಜಗತ್ತಿನಲ್ಲಿ ಅವರೊಬ್ಬರೇ.

ಪೈಪಿನ ನೆರಳು ಕುಗ್ಗಿ ಕುಗ್ಗಿ ಮಾಯವಾಯಿತು. ಮಕ್ಕಳು ಹೋ ಎಂದು ಕೂಗಿದರು. ಅನ್ನಪೂರ್ಣಳ ಮಗಳು ಮಾತ್ರ ಓನರ್ ಕಾಲ ಬಳಿ ಬಗ್ಗಿ ನೋಡಿದಳು. ಅವರ ಹೊಟ್ಟೆಯ ನೆರಳು ಎರಡೂ ಚಪ್ಪಲಿಗಳನ್ನು ನುಂಗಿ ಕೂತಿತ್ತು.

"ಅಂಕಲ್, ಪೈಪ್‌ದು ಹೋಯ್ತು, ನಿಮ್ದು ಹಂಗೇ ಇದೆ," ಎಂದವಳು ತಾಯಿಯ ಕಡೆ ತಿರುಗಿ ಕೂಗಿದಳು. "ಅಮ್ಮಾ, ಅಂಕಲ್ ನೆಟ್ಟಗಿಲ್ಲ!"

ಅನ್ನಪೂರ್ಣ ಸೀದಾ ಬಂದು, ಒದ್ದೆ ಚಾದರವನ್ನು ಓನರ್ ಪಕ್ಕದಲ್ಲೇ ಪಟಾರನೆ ಕೊಡವಿ, ತಾರಸಿಯ ಗೋಡೆಯ ಮೇಲೆ ಹರವಿದಳು.

"ನಂಗ ನಿನ್ನೇನ ಗೊತ್ತಾಗಿತ್ತು ಬಿಡವ್ವ."