ಹಲಗೆಯಡಿಯ ಕಾಗದ

ಐದನೆಯ ಜೋಡಿ ಸ್ಕೀ ತೊಟ್ಟು ನಿಂತಾಗಲೂ ಅಡಿಯಲ್ಲಿಟ್ಟ ಕಾಗದ ಸಲೀಸಾಗಿ ಹೊರಬಂತು. ಮನೋರಮಾಗೆ ಅಳುವೇ ಬಂದಂತಾಯಿತು. ಸ್ಕೀ ಹಲಗೆಯ ನಡುವಿನ ಬಾಗು ಅವಳ ಭಾರಕ್ಕೆ ತಗ್ಗಿ ಕಾಗದವನ್ನು ಕಚ್ಚಿ ಹಿಡಿಯಬೇಕಿತ್ತು; ಇಲ್ಲದಿದ್ದರೆ ಹಿಮದ ಏರಿನಲ್ಲಿ ಹಿಂದಕ್ಕೇ ಜಾರುವುದು. ಬಾರಾನಗರದ ಪರ್ವತಾರೋಹಣ ಕ್ಲಬ್ಬಿನಲ್ಲಿ ಇನ್ನು ಉಳಿದದ್ದು ಮಕ್ಕಳ ಸ್ಕೀಗಳು ಮಾತ್ರ.

"ಸಾಕು, ಬಾ ಅಮ್ಮ," ಎಂದಳು ಮಗಳು ಕ್ಷಮಾ, ಸೊಂಟದ ಮೇಲಿನ ಎರಡು ವರ್ಷದ ಕೂಸನ್ನು ಸರಿಪಡಿಸಿಕೊಳ್ಳುತ್ತ. "ರಿಟೈರ್ ಆದ ಮೇಲೆ ಇದೆಲ್ಲ ಎಂತಕ್ಕೆ? ನೀನು ಹತ್ತು ದಿನ ಹಿಮದ ಬೆಟ್ಟಕ್ಕೆ ಹೋದ್ರೆ ಇವಳನ್ನು ಯಾರು ನೋಡ್ಕೊಳ್ಳೋದು?"

ಬೆಳಗಿನಿಂದ ಅದೇ ಮಾತು. "ಯಾವಾಗಲೂ ನಾನೇ ನೋಡ್ಕೊಳ್ಬೇಕಾ?" ಎಂದು ಸಿಡುಕಿ ಮನೋರಮಾ ಬೂಟು ಬಿಚ್ಚಲು ಬಗ್ಗಿದಳು.

"ಬಿಚ್ಚಬೇಡಿ ದೀದಿ," ಎಂದು ತರಬೇತುದಾರ ತಪನ್‌ದಾ ಹಿಂದಿಯಲ್ಲಿ ತಡೆದ. "ಅಲ್ಲಿ ಬೆನ್ನ ಮೇಲೆ ಹನ್ನೆರಡು ಕೆಜಿ ಚೀಲವೂ ಇರುತ್ತೆ. ಆ ಭಾರವನ್ನೂ ಹೊತ್ತು ನೋಡಬೇಕು." ಗೋಡೆಗೆ ತೂಗುಹಾಕಿದ್ದ ಚೀಲಗಳೆಲ್ಲ ಖಾಲಿಯಾಗಿದ್ದವು.

ಕ್ಷಮಾ ಇಬ್ಬರನ್ನೂ ದುರುಗುಟ್ಟಿ ನೋಡಿದಳು. ಆಮೇಲೆ ಹೊರಬಂದ ಕಾಗದವನ್ನು ಮತ್ತೆ ಹಲಗೆಯಡಿ ತೂರಿಸಿ, ಕೂಸನ್ನು ಅಮ್ಮನ ಬೆನ್ನಿಗೆ ಉಪ್ಪುಮೂಟೆ ಕೂರಿಸಿ, ನೆಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಾಗದ ಎಳೆದಳು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು.

"ಹಿಡ್ಕೊಂಡಿದೆ," ಎಂದಳು, ತಲೆ ಎತ್ತದೆ. "ನಾನು ರಜೆ ಹಾಕ್ತೇನೆ. ಹತ್ತೇ ದಿನ ಮತ್ತೆ."